ತಕ್ಕಡಿ ಅಂಗಡಿಯ ಬೋರ್ಡು

ನಾನು ಬೆಳಗಿನ ಪ್ರಾರ್ಥನೆ ಮುಗಿಸಿ ಕಣ್ಣು ತೆರೆದಾಗ ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ಒಂದು ಕೈಯಲ್ಲಿ ಬಟ್ಟೆಯ ಗಂಟು, ಇನ್ನೊಂದರಲ್ಲಿ ಬಾರು ಕಿತ್ತ ಚಪ್ಪಲಿ. ಹೊರಗೆ ಬೀದಿ ಇನ್ನೂ ಒದ್ದೆಯಾಗಿತ್ತು. ಬೆಳಗಿನ ಜಾವ ಸಣ್ಣ ಹನಿ ಬಿದ್ದಿತ್ತು.

"ಟೀಚರಮ್ಮ ಇದ್ದಾರಾ? ನಮ್ಮೆಜಮಾನ್ರನ್ನ ಪೊಲೀಸ್ನೋರು ಹಿಡ್ಕೊಂಡು ಹೋದ್ರು."

ಟೀಚರಮ್ಮ ಎಂದರೆ ನನ್ನ ಅತ್ತಿಗೆ. ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾದವರು. ಬೀದಿಯಲ್ಲಿ ಯಾರಿಗೂ ಬಿಡಿಸಲಾಗದ ತಂಟೆ ಎದ್ದರೆ ಜನ ನಮ್ಮ ಮನೆಯ ಮೆಟ್ಟಿಲು ಹತ್ತುತ್ತಿದ್ದರು. ಆದರೆ ನನ್ನ ಅಣ್ಣ ತೀರಿಕೊಂಡ ಮೇಲೆ ಅತ್ತಿಗೆ ಯಾರ ಮಾತಿಗೂ ಕಿವಿ ಕೊಟ್ಟಿರಲಿಲ್ಲ. ಕಿಟಕಿಯ ಬಳಿ ಅಣ್ಣನ ಕುರ್ಚಿ, ಅದರೆದುರು ಒಂದು ಸ್ಟೂಲು, ಸ್ಟೂಲಿನ ಮೇಲೆ ಅತ್ತಿಗೆ. ದಿನಗಳು ಹಾಗೆಯೇ ಸರಿಯುತ್ತಿದ್ದವು. ಅವರ ಮನಸ್ಸನ್ನು ಒಂದಿಷ್ಟು ಹಗುರ ಮಾಡಪ್ಪಾ ಎಂದು ನಾನು ದೇವರಲ್ಲಿ ಕೇಳಿಕೊಳ್ಳುತ್ತಿದ್ದೆ.

"ಒಳಗೆ ಬಾಮ್ಮ, ಕೂತ್ಕೋ," ಎಂದಿತು ಸ್ಟೂಲಿನ ಕಡೆಯಿಂದ ಒಂದು ದನಿ. ನಾನು ಬೆರಗಾದೆ.

ಹೆಂಗಸಿನ ಗಂಡ ನಮಗೆಲ್ಲ ಗೊತ್ತಿದ್ದವನೇ. ಅಂಗಡಿಗಳಿಗೆ ಬೋರ್ಡು ಕಟ್ಟುವವನು. ಸದಾ ಹೆಗಲ ಮೇಲೆ ಏಣಿ ಇರುತ್ತಿದ್ದುದರಿಂದ ಬೀದಿಗೆಲ್ಲ ಅವನು ಏಣಿಯಣ್ಣ. ಮೊನ್ನೆ ಅವನು ತಕ್ಕಡಿ ರಿಪೇರಿ ಅಂಗಡಿಯ ಹೊಸ ಬೋರ್ಡನ್ನು ಕಟ್ಟಿದ್ದ. ದೊಡ್ಡ ತಕ್ಕಡಿಯ ಆಕಾರದಲ್ಲಿ ಕತ್ತರಿಸಿದ ಕಬ್ಬಿಣದ ತಗಡು ಅದು. ಬೀದಿಗೆ ಅಡ್ಡಲಾಗಿ ಎರಡು ಮಹಡಿಗಳ ನಡುವೆ ಹಗ್ಗ. ಹಗ್ಗದ ನಡುಮಧ್ಯಕ್ಕೆ ಬೋರ್ಡು. ಹಗ್ಗದ ಒಂದು ತುದಿ ಎದುರಿನ ಕನ್ನಡಕದ ಅಂಗಡಿಯ ಗೋಡೆಯ ಕೊಕ್ಕೆಗೆ, ಇನ್ನೊಂದು ತುದಿ ತಕ್ಕಡಿ ಅಂಗಡಿಯ ಮೇಲಿನ ಪಾರ್ಸೆಲ್ ಆಫೀಸಿನ ಕಿಟಕಿಯ ಸರಳಿಗೆ. ಇವತ್ತು ಬೆಳಿಗ್ಗೆ ತಕ್ಕಡಿ ಯಜಮಾನರು ಅಂಗಡಿಯ ಷಟರ್ ಎತ್ತುತ್ತಿದ್ದಾಗ ಹಗ್ಗ ಕಿತ್ತು, ಬೋರ್ಡು ಉಯ್ಯಾಲೆಯಂತೆ ಬೀಸಿ ಬಂದು ಅವರ ಭುಜಕ್ಕೆ ಬಡಿದಿತ್ತು. ಮೂಳೆ ಮುರಿದಿತ್ತು. ಒಂದು ಗೇಣು ಈಚೆಗೆ ಬಡಿದಿದ್ದರೆ ತಲೆಯೇ.

"ನಿನ್ನೆ ಇವ್ರಿಗೂ ತಕ್ಕಡಿ ಯಜಮಾನ್ರಿಗೂ ಜಗಳ ಆಗಿತ್ತು ಟೀಚರಮ್ಮ. ಬೋರ್ಡು ಜೋತುಬಿದ್ದಿದೆ, ಹಲ್ಲಿಲ್ಲದ ಮುದುಕನ ತುಟಿ ಇದ್ದ ಹಾಗಿದೆ ಅಂತ ಯಜಮಾನ್ರು ಎಲ್ಲರೆದುರಿಗೆ ಆಡ್ಕೊಂಡ್ರು. ಇವ್ರು ಸಿಟ್ಟಲ್ಲಿ, ಬೇಡ ಅಂದ್ರೆ ಬಿದ್ದುಹೋಗ್ಲಿ ಬಿಡಿ ಅಂದ್ಬಿಟ್ರು. ಈಗ ಆ ಮಾತನ್ನೇ ಹಿಡ್ಕೊಂಡಿದ್ದಾರೆ. ನಾಳೆ ಕೋರ್ಟಿಗೆ ಹಾಕ್ತಾರಂತೆ. ಜೈಲಾದ್ರೆ ನಾನೇನು ಮಾಡ್ಲಿ? ಬಿಟ್ರೂ ಇನ್ಮೇಲೆ ಯಾರು ಅವ್ರ ಕೈಲಿ ಬೋರ್ಡು ಕಟ್ಟಿಸ್ತಾರೆ?"

ಅಳುತ್ತಳುತ್ತಲೇ ಅವಳ ಕೈಗಳು ಗಂಡನಿಗೆಂದು ತಂದ ಬಟ್ಟೆಯ ಗಂಟಿನ ಮೇಲೆ ಆಡುತ್ತಿದ್ದವು. ದಾರವನ್ನು ಒಂದು ಕುಣಿಕೆಯೊಳಗೆ ತೂರಿಸಿ, ಹಿಂದಕ್ಕೆ ಜಗ್ಗಿ ಬಿಗಿದು, ಬೆರಳಿನಿಂದ ಮೀಟಿದಳು. ಟಣ್ ಎಂದಿತು.

"ಪಾರ್ಸೆಲ್ ಕಟ್ಟೋ ಕೆಲಸ ಅಲ್ವಾ ನಿಂದು?" ಎಂದು ಅತ್ತಿಗೆ ಕೇಳಿದರು.

"ಹೂಂ. ಅಲ್ಲೇ, ತಕ್ಕಡಿ ಯಜಮಾನ್ರ ಅಂಗಡಿ ಮೇಲೆ. ಬಾಗಿಲು ತೆಗೆಯೋದೂ ನಾನೇ, ಹಾಕೋದೂ ನಾನೇ."

ಅತ್ತಿಗೆ ಎದ್ದು ಗೋಡೆಯ ಮೊಳೆಯಿಂದ ಅಣ್ಣನ ಸ್ಟೀಲ್ ಟೇಪನ್ನು ತೆಗೆದುಕೊಂಡರು. ಅಣ್ಣ ಬಡಗಿ. ಆ ಟೇಪನ್ನು ಅವನ ನಂತರ ಯಾರೂ ಮುಟ್ಟಿರಲಿಲ್ಲ.

"ಗಡಿಬಿಡಿ ರಾಯರೇ, ಚಪ್ಪಲಿ ಹಾಕ್ಕೊಳ್ಳಿ," ಎಂದರು ನನಗೆ. ಈ ಮನೆಗೆ ಸೊಸೆಯಾಗಿ ಬಂದ ಹೊಸತರಲ್ಲಿ ಅವರು ನನಗಿಟ್ಟ ಹೆಸರು ಅದು.

ಠಾಣೆಯಲ್ಲಿ ಸಬ್ ಇನ್‌ಸ್ಪೆಕ್ಟರು ಮೇಜಿನ ಮೇಲೆ ಕಿತ್ತ ಹಗ್ಗವನ್ನು ಹರಡಿಕೊಂಡಿದ್ದರು. ಸೆಣಬಿನ ಹೊಸ ಹಗ್ಗ, ಇನ್ನೂ ತೇವವಿತ್ತು. ಕಿತ್ತ ತುದಿ ಪೊರಕೆಯಂತೆ ಕೆದರಿತ್ತು.

"ಕೊಯ್ದಿಲ್ಲ, ಅದು ನನಗೂ ಕಾಣುತ್ತೆ," ಎಂದರು ಅವರು. "ಆದರೆ ಟೀಚರಮ್ಮ, ಈ ಹಗ್ಗ ನೂರು ಕಿಲೋ ತಡೆಯುತ್ತೆ ಅಂತ ಸುರುಳಿಯ ಚೀಟಿಯಲ್ಲೇ ಇದೆ. ಬೋರ್ಡು ಬರೀ ಮೂವತ್ತು ಕಿಲೋ. ಮತ್ತೆ ಕಿತ್ತಿದ್ದು ಹೇಗೆ? ಹಗ್ಗಕ್ಕೆ ಏನೋ ಮಾಡಿದ್ದಾನೆ."

"ಅದೇ ಸುರುಳಿಯ ಮಿಕ್ಕ ಹಗ್ಗ ಇದೆಯಾ?"

ಇತ್ತು. ಅತ್ತಿಗೆ ಅದನ್ನು ತೊಲೆಗೆ ಕಟ್ಟಿಸಿ, ಠಾಣೆಯಲ್ಲೇ ಭಾರಿ ಆಳು ಯಾರು ಎಂದು ಕೇಳಿದರು. ಎಲ್ಲರೂ ಹಿರಿಯ ಪೇದೆಯ ಹೊಟ್ಟೆಯ ಕಡೆ ನೋಡಿದರು. ಆತ ಗೊಣಗುತ್ತ ಹಗ್ಗ ಹಿಡಿದು ಕಾಲೆತ್ತಿದ. ಹಗ್ಗ ಕಿರ್ರೆನ್ನಲೂ ಇಲ್ಲ.

"ಇಳೀರಿ, ತೊಲೆ ಸರ್ಕಾರದ್ದು," ಎಂದರು ಸಬ್ ಇನ್‌ಸ್ಪೆಕ್ಟರು.

ಲಾಕಪ್ಪಿನಲ್ಲಿ ಏಣಿಯಣ್ಣ ಗೋಡೆಗೆ ಒರಗಿ ಕುಳಿತಿದ್ದ. ಏಣಿಯಿಲ್ಲದ ಅವನ ಹೆಗಲು ಬೋಳುಬೋಳಾಗಿ ಕಂಡಿತು.

"ತಪ್ಪು ನಂದೇ," ಎಂದ, ನಾವು ಕೇಳುವ ಮೊದಲೇ. "ಕಟ್ಟಿದ್ದು ನಾನು. ಬಿದ್ದಿದ್ದಕ್ಕೆ ಹೊಣೆ ನಾನು."

"ನೀನು ಕಟ್ಟಿದಾಗ ಬೋರ್ಡು ಎಷ್ಟು ಜೋಲುತ್ತಿತ್ತು?"

"ಎರಡು ಮೊಳ. ನಮ್ಮಪ್ಪನೂ ಅಷ್ಟೇ ಬಿಡ್ತಿದ್ದ."

"ಬೋರ್ಡು ಬಿದ್ದ ಸದ್ದಿಗೆ ಓಡಿಬಂದವನು ನೀನೇ ಮೊದಲಂತೆ. ಮೇಲಕ್ಕೆ ಹತ್ತಿ ಕಿಟಕಿಯ ಸರಳು ನೋಡಿದೆಯಂತೆ. ಏನು ಕಂಡೆ?"

ಅವನು ತಲೆ ತಗ್ಗಿಸಿದ. "ಏನೂ ಇಲ್ಲ. ತಪ್ಪು ನಂದೇ ಅಂದ್ನಲ್ಲಮ್ಮ, ಬರ್ಕೊಳ್ಳಿ."

ಪಾರ್ಸೆಲ್ ಆಫೀಸಿನ ಕಿಟಕಿಯಲ್ಲಿ ಹಗ್ಗದ ಗಂಟು ಇದ್ದಂತೆಯೇ ಇತ್ತು. ಪೊಲೀಸರು ಅದರ ಕೆಳಗೆ ಕೊಯ್ದುಕೊಂಡು ಹೋಗಿದ್ದರು. ಗಂಟಿನಿಂದ ಇಳಿಬಿದ್ದ ಬಾಲದಲ್ಲಿ ಹಳೆಯ ಗಂಟೊಂದರ ಸುಕ್ಕು ಕಾಣುತ್ತಿತ್ತು. ಅತ್ತಿಗೆ ಅದರವರೆಗೆ ಟೇಪು ಹಿಡಿದರು. ಒಂದು ಮೊಳಕ್ಕೆ ಸ್ವಲ್ಪ ಕಡಿಮೆ. ನನ್ನ ಕೈಗೆ ಟೇಪಿನ ತುದಿ ಕೊಟ್ಟು ಎದುರುಗಡೆಗೆ ಓಡಿಸಿದರು. ಬೀದಿಯ ಅಗಲ ನಾಲ್ಕು ಮೀಟರು. ಆಮೇಲೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಎರಡು ತ್ರಿಕೋನ ಬರೆದರು. ಒಂದು ಆಳವಾಗಿತ್ತು, ಇನ್ನೊಂದು ಒತ್ತಿ ಚಪ್ಪಟೆ ಮಾಡಿದಂತಿತ್ತು.

"ನನಗೆ ಗೊತ್ತಾಯ್ತು ಅತ್ತಿಗೆ!" ಎಂದೆ ನಾನು. "ಕನ್ನಡಕದ ಅಂಗಡಿಯೋರು! ಈ ಬೋರ್ಡು ಜೋತುಬಿದ್ದು ಅವರ ಬೋರ್ಡು ಮರೆಯಾಗಿತ್ತು. ಹಗ್ಗ ಕಿತ್ತಿರೋದೂ ಅವರ ಕೊಕ್ಕೆಯ ಹತ್ತಿರವೇ. ಕಿಟಕಿಯಿಂದ ಕೈ ಚಾಚಿದ್ರೆ ಆಯ್ತು."

"ಅದಕ್ಕೇ ನಿಮಗೆ ಆ ಹೆಸರಿಟ್ಟಿದ್ದು," ಎಂದರು. ನಗಲಿಲ್ಲ. ಸರಳಿನ ಮೇಲಿನ ಗಂಟನ್ನು ಬಹಳ ಹೊತ್ತು ನೋಡಿದರು. ಅವರ ಮುಖದಲ್ಲಿ ಗೆದ್ದವರ ಕಳೆ ಇರಲಿಲ್ಲ. ಯಾರಿಗೋ ಕೆಟ್ಟ ಸುದ್ದಿ ಮುಟ್ಟಿಸಬೇಕಾದವರ ಹಾಗಿತ್ತು.

ಅಂದು ಸಂಜೆ ತಕ್ಕಡಿ ಅಂಗಡಿಯಲ್ಲಿ ಎಲ್ಲರೂ ಸೇರಿದೆವು. ಯಜಮಾನರು ಆಸ್ಪತ್ರೆಯಿಂದ ಬಂದವರು ಕೈಯನ್ನು ಕೊರಳಿಗೆ ಕಟ್ಟಿಕೊಂಡು ಕುರ್ಚಿಯಲ್ಲಿ ಕುಳಿತಿದ್ದರು. ಸುತ್ತ ಬಿಚ್ಚಿಟ್ಟ ತಕ್ಕಡಿಗಳು, ಎಣ್ಣೆಯ ವಾಸನೆ. ಸಬ್ ಇನ್‌ಸ್ಪೆಕ್ಟರು ಏಣಿಯಣ್ಣನನ್ನು ಕರೆತಂದಿದ್ದರು. ಅವನ ಹೆಂಡತಿ ಗಂಡನಿಂದ ಕಣ್ಣು ಕೀಳದೆ ಬಾಗಿಲಲ್ಲಿ ನಿಂತಿದ್ದಳು. ಕನ್ನಡಕದವರು ನನ್ನ ಪಕ್ಕದಲ್ಲೇ ಕುಳಿತು ಕನ್ನಡಕ ಒರೆಸಿಕೊಳ್ಳುತ್ತಿದ್ದರು. ನಾನು ಸ್ವಲ್ಪ ಸರಿದು ಕುಳಿತೆ.

ಅತ್ತಿಗೆ ಎರಡು ಸ್ಪ್ರಿಂಗ್ ತಕ್ಕಡಿಗಳನ್ನು ಎದುರುಬದುರು ಗೋಡೆಗಳ ಮೊಳೆಗೆ ಸಿಕ್ಕಿಸಿ, ಎರಡರ ಕೊಕ್ಕೆಗೂ ಒಂದೇ ಹಗ್ಗ ಕಟ್ಟಿ, ಅದರ ನಡುವಿಗೆ ಹತ್ತು ಕಿಲೋ ತೂಕದ ಬಟ್ಟನ್ನು ತೂಗುಹಾಕಿದರು. ಹಗ್ಗ ಆಳವಾಗಿ ಜೋತುಬಿತ್ತು.

"ಯಜಮಾನ್ರೆ, ಮುಳ್ಳು ಎಷ್ಟು ತೋರಿಸ್ತಿದೆ?"

"ಆರಾರು ಕಿಲೋ."

"ನಿಮ್ಮ ಬಟ್ಟು ಸರಿಯಿದೆ ತಾನೇ?"

"ಏನು ಟೀಚರಮ್ಮ! ಮೊನ್ನೆಯಷ್ಟೇ ಸರ್ಕಾರದ ಮುದ್ರೆ ಹಾಕಿಸಿದ್ದು," ಎಂದು ಯಜಮಾನರು ನೋವಿನಲ್ಲೂ ಕೆರಳಿದರು.

ಅತ್ತಿಗೆ ಹಗ್ಗವನ್ನು ಒಂದು ಕಡೆಯಿಂದ ಎಳೆದು ಗಿಡ್ಡ ಮಾಡಿದರು. ಬಟ್ಟು ಮೇಲೇರಿತು. ಮುಳ್ಳುಗಳು ಹತ್ತಕ್ಕೆ ಬಂದವು. ಇನ್ನಷ್ಟು ಎಳೆದರು. ಇಪ್ಪತ್ತು.

"ಇದೇನಿದು!" ಎಂದರು ಯಜಮಾನರು. ಹುಟ್ಟಿದಾರಭ್ಯ ತಕ್ಕಡಿಗಳ ನಡುವೆ ಬೆಳೆದವರು ಕುರ್ಚಿಯಿಂದ ಎದ್ದೇಬಿಟ್ಟರು. "ಬಟ್ಟು ಹತ್ತೇ ಕಿಲೋ. ಒಂದೊಂದು ಕಡೆಯೂ ಇಪ್ಪತ್ತು ಹೇಗೆ?"

"ಬಟ್ಟಿನ ತೂಕ ಬದಲಾಗಿಲ್ಲ, ಹಗ್ಗದ ದಿಕ್ಕು ಬದಲಾಗಿದೆ. ಉದ್ದ ಅಳೆಯೋಕೆ ಒಂದು ಸಂಖ್ಯೆ ಸಾಕು. ಬಲಕ್ಕೆ ಸಾಲದು, ಎಷ್ಟು ಅನ್ನೋದರ ಜೊತೆಗೆ ಯಾವ ಕಡೆಗೆ ಅನ್ನೋದೂ ಬೇಕು. ಪುಸ್ತಕದಲ್ಲಿ ಅದನ್ನ ಸದಿಶ ಅಂತಾರೆ. ಬಟ್ಟನ್ನ ಮೇಲಕ್ಕೆ ಎತ್ತಿ ಹಿಡಿಯೋದು ಹಗ್ಗದ ಮೇಲ್ಮುಖದ ಎಳೆತ ಮಾತ್ರ. ಹಗ್ಗ ಜೋತುಬಿದ್ದಿದ್ರೆ ಅದರ ಎಳೆತದಲ್ಲಿ ಬಹುಪಾಲು ಮೇಲ್ಮುಖವಾಗಿರುತ್ತೆ. ಚಪ್ಪಟೆಯಾದ್ರೆ ಹಗ್ಗ ಬರೀ ಅಡ್ಡಡ್ಡ ಎಳೀತಾ ಸುಸ್ತಾಗುತ್ತೆ. ಮೇಲಕ್ಕೆ ಸಿಗೋದು ಚೂರೇ ಚೂರು. ಆ ಚೂರು ಹತ್ತು ಕಿಲೋ ಆಗಬೇಕಾದ್ರೆ ಒಟ್ಟು ಎಳೆತ ಎಷ್ಟು ಬೆಳೀಬೇಕು ನೋಡಿ. ಅಂದ ಹಾಗೆ ಎಳೆತವನ್ನ ಕಿಲೋದಲ್ಲಿ ಹೇಳೋದೇ ತಪ್ಪು, ಅದಕ್ಕೆ ನ್ಯೂಟನ್ ಅನ್ನೋ ಅಳತೆಯಿದೆ."

"ಅದನ್ನ ಮಾತ್ರ ನನ್ನ ಗಿರಾಕಿಗಳ ಮುಂದೆ ಹೇಳ್ಬೇಡಿ," ಎಂದರು ಯಜಮಾನರು.

"ಏಣಿಯಣ್ಣ ಎರಡು ಮೊಳ ಜೋಲು ಬಿಟ್ಟಾಗ ಹಗ್ಗದ ಮೇಲಿದ್ದ ಎಳೆತ ನಲವತ್ತು ಕಿಲೋಗೂ ಕಡಿಮೆ. ಹಾಗೇ ಬಿಟ್ಟಿದ್ರೆ ವರ್ಷಗಟ್ಟಲೆ ಇರ್ತಿತ್ತು. ಆಮೇಲೆ ಯಾರೋ ಹಗ್ಗ ಎಳೆದು ಮತ್ತೆ ಕಟ್ಟಿದ್ದಾರೆ. ಹಳೆ ಗಂಟಿನ ಸುಕ್ಕೇ ಅದನ್ನ ಹೇಳುತ್ತೆ. ಅಷ್ಟು ಹಗ್ಗ ಒಳಗೆ ಬಂದ್ರೆ ಜೋಲು ಉಳಿಯೋದು ಒಂದು ಗೇಣು. ಆಗ ಎಳೆತ ನೂರು ದಾಟುತ್ತೆ. ಚೀಟಿಯಲ್ಲಿರೋದು ಅಂದಾಜಿನ ಮಿತಿ. ಹೇಗೋ ರಾತ್ರಿಯೆಲ್ಲ ತಡ್ಕೊಂಡಿದೆ. ಬೆಳಗಿನ ಜಾವ ಹನಿ ಬಿದ್ದು ಹಗ್ಗ ನೆನೆದಿದೆ. ಸೆಣಬು ನೆನೆದ್ರೆ ಕುಗ್ಗಿ ಇನ್ನೂ ಬಿಗಿಯಾಗುತ್ತೆ. ಷಟರ್ ಎತ್ತಿದಾಗ ಗೋಡೆ ಅದುರಿದ್ದೇ ಸಾಕಾಯ್ತು. ಕೊಕ್ಕೆಯ ಅಂಚು ಚೂಪಾಗಿದ್ದ ಕಡೆ ಕಿತ್ತುಕೊಂಡಿದೆ. ನಾವೆಲ್ಲ ಯಾರು ಕೊಯ್ದರು, ಯಾರು ಸಡಿಲಿಸಿದರು ಅಂತ ಕೇಳ್ತಾ ಇದ್ದೆವು. ಕೇಳಬೇಕಾಗಿದ್ದು, ಯಾರು ಬಿಗಿದರು ಅಂತ."

ನಾನು ತಡೆಯಲಾರದೆ ಕನ್ನಡಕದವರತ್ತ ನೋಡಿದೆ. ಎಲ್ಲರೂ ನೋಡಿದರು.

"ನನ್ನನ್ನೇನು ನೋಡ್ತೀರಿ? ಸೊಂಟ ನೋವು, ನನ್ನ ಬೂಟಿನ ದಾರ ಬಿಗಿಯೋಕೇ ನನ್ನ ಕೈಲಾಗಲ್ಲ!"

"ಅವರಲ್ಲ," ಎಂದರು ಅತ್ತಿಗೆ. "ಅವರ ಕೊಕ್ಕೆಯಲ್ಲಿ ಏಣಿಯಣ್ಣ ಹಾಕಿದ ಗಂಟು ಇನ್ನೂ ಹಾಗೇ ಇದೆ. ಬದಲಾಗಿರೋದು ಪಾರ್ಸೆಲ್ ಆಫೀಸಿನ ಗಂಟು."

ಅವರು ಹಗ್ಗವನ್ನು ಕೊನೆಯ ಸಲ ಎಳೆದರು. ಹಗ್ಗ ಗೀಟಿನಂತೆ ನೆಟ್ಟಗಾಗುತ್ತ ಬಂದು, ಎರಡೂ ಮುಳ್ಳುಗಳು ಕೊನೆಯ ಗೆರೆ ಮುಟ್ಟಿ ನಡುಗುತ್ತ ನಿಂತವು. ಅತ್ತಿಗೆ ಯಾರ ಹೆಸರನ್ನೂ ಹೇಳಲಿಲ್ಲ. ಸುಮ್ಮನೆ ಹಗ್ಗವನ್ನು ಹಿಡಿದುಕೊಂಡೇ ನಿಂತರು. ಅವರು ಯಾಕೆ ಕಾಯುತ್ತಿದ್ದಾರೆಂದು ನನಗೆ ಆಗ ತಿಳಿಯಲಿಲ್ಲ.

ಬಾಗಿಲಿನ ಕಡೆಯಿಂದ ಒಂದು ಸಣ್ಣ ಕೂಗು ಕೇಳಿತು.

"ಅಯ್ಯೋ, ಬಿಗಿದವಳು ನಾನೇ!"

ಏಣಿಯಣ್ಣನ ಹೆಂಡತಿ ಚೌಕಟ್ಟು ಹಿಡಿದು ಕುಸಿದಳು. "ಬೋರ್ಡು ಜೋತುಬಿದ್ದಿದೆ ಅಂತ ಎಲ್ಲರೂ ನಗ್ತಿದ್ರು. ನಿನ್ನೆ ರಾತ್ರಿ ಇವ್ರು ಊಟಾನೂ ಮಾಡ್ಲಿಲ್ಲ. ಆಫೀಸಲ್ಲೇನೋ ಮರೆತೆ ಅಂತ ಸುಳ್ಳು ಹೇಳಿ ವಾಪಸ್ ಬಂದು, ಕಿಟಕಿಯಿಂದ ಜಗ್ಗಿ ಕಟ್ಟಿದೆ. ಬಿಗಿಯಾದಷ್ಟೂ ಗಟ್ಟಿ ಅಂದ್ಕೊಂಡಿದ್ದೆ. ಪಾರ್ಸೆಲ್ ಹಾಗೇ ತಾನೇ ಕಟ್ಟೋದು? ಬೀಳೋದು ಸಡಿಲ ಆದ್ರೇನೇ ಅಂತ... ಯಜಮಾನ್ರೆ, ನಿಮ್ಮನ್ನ ಕೊಲ್ತಿದ್ದೆನಲ್ಲ ನಾನು!"

"ಸುಮ್ನಿರೇ!" ಎಂದು ಏಣಿಯಣ್ಣ ಕೂಗಿದ. "ಸಾರ್, ಅವಳ ಮಾತು ಬರ್ಕೋಬೇಡಿ. ತಪ್ಪು ನಂದು."

"ನೀನು ಬೆಳಿಗ್ಗೆಯೇ ಗಂಟು ಗುರುತಿಸಿದೆ, ಅಲ್ವೇನಪ್ಪ?" ಎಂದರು ಅತ್ತಿಗೆ. "ಕುಣಿಕೆಯೊಳಗೆ ತೂರಿಸಿ ಹಿಂದಕ್ಕೆ ಜಗ್ಗೋ ಗಂಟು. ಹಾಗೆ ಜಗ್ಗಿದ್ರೆ ಕೈಯ ಬಲ ಎರಡರಷ್ಟಾಗುತ್ತೆ. ಇಲ್ಲದಿದ್ರೆ ಒಬ್ಬಳಿಂದ ಆ ಬೋರ್ಡು ಮೇಲೇರ್ತಿರಲಿಲ್ಲ."

ಅವನು ಹೋಗಿ ಹೆಂಡತಿಯ ಪಕ್ಕದಲ್ಲಿ ನೆಲದ ಮೇಲೆಯೇ ಕುಳಿತ. "ನನಗೊಂದು ಮಾತು ಕೇಳಿದ್ರೆ ಆಗ್ತಿರ್ಲಿಲ್ವಾ," ಎಂದ. ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಸಬ್ ಇನ್‌ಸ್ಪೆಕ್ಟರು ಟೋಪಿ ತೆಗೆದು ಯಜಮಾನರ ಕಡೆ ತಿರುಗಿದರು. "ಪೆಟ್ಟು ತಿಂದವರು ನೀವು. ನೀವೇನಂತೀರಿ?"

ಯಜಮಾನರು ಎಡಗೈಯಿಂದ ಬಟ್ಟನ್ನು ಮುಟ್ಟಿದರು. "ಮುದುಕನ ತುಟಿ ಅಂತ ಆಡ್ಕೊಂಡಿದ್ದು ನಾನು," ಎಂದರು. "ಹೋಗಲಿ ಬಿಡಿ ಸಾರ್. ಬೇಕಂತ ಮಾಡಿದ್ದಲ್ಲ ಅಂತ ಬರೀರಿ, ಎಡಗೈಯಲ್ಲಿ ಸಹಿ ಹಾಕ್ತೀನಿ. ಏನಮ್ಮಾ, ಅಳ್ಬೇಡ. ಮೂಳೆ ಕೂಡಿಕೊಳ್ಳುತ್ತೆ. ನನ್ನ ನಾಲಿಗೆಯನ್ನೂ ಆ ಡಾಕ್ಟರ್ ಒಂದಿಷ್ಟು ಕಟ್ಟಿದ್ರೆ ಚೆನ್ನಾಗಿತ್ತು."

ಮನೆಗೆ ನಡೆಯುವಾಗ ಕೇಳಿದೆ: "ನಿಮಗೆ ಯಾವಾಗ ಗೊತ್ತಾಯ್ತು ಅತ್ತಿಗೆ?"

"ಅನುಮಾನ ಬಂದದ್ದು ಅವಳು ಬೆಳಿಗ್ಗೆ ದಾರ ಮೀಟಿದಾಗ. ಖಚಿತವಾದದ್ದು ಸರಳಿನ ಗಂಟು ನೋಡಿದಾಗ."

"ಮತ್ತೆ ನೇರವಾಗಿ ಹೇಳಬಹುದಿತ್ತಲ್ಲ?"

"ಬೇರೆಯವರ ಬಾಯಲ್ಲಿ ಕೇಳಿದ್ರೆ ಅದು ಅಪವಾದ ಆಗ್ತಿತ್ತು. ತಾನಾಗಿ ಅರ್ಥ ಮಾಡ್ಕೊಂಡ್ಲು. ಗಂಡನನ್ನ ಬಿಡಿಸೋಕೆ ಬಂದವಳು, ಅವಳೇ ಬಿಡಿಸಿದ್ಲು."

ಅದೇ ವಾರ ಬೋರ್ಡನ್ನು ಮತ್ತೆ ಕಟ್ಟಿದರು. ಏಣಿಯಣ್ಣ ಕನ್ನಡಕದವರ ಕೊಕ್ಕೆಯ ಅಂಚನ್ನು ಅರದಿಂದ ಉಜ್ಜಿ ನುಣುಪು ಮಾಡಿ, ಆ ಕಡೆಯ ಗಂಟು ಹಾಕಿದ. ಈ ಕಡೆಯ ಕಿಟಕಿಯಲ್ಲಿ ಅವನ ಹೆಂಡತಿ ಹಗ್ಗ ಹಿಡಿದು ನಿಂತಿದ್ದಳು. ಅವಳೇ ಕಟ್ಟಬೇಕೆಂದು ಅವನೇ ಹಟ ಹಿಡಿದಿದ್ದ. ಅವಳು ಹೆದರುತ್ತ ಹೆದರುತ್ತ ಹಗ್ಗ ಬಿಟ್ಟಳು. ಬೋರ್ಡು ಇಳಿಯಿತು. ಒಂದು ಮೊಳ, ಎರಡು ಮೊಳ.

"ಸಾಕೇನ್ರೀ?" ಎಂದು ಮೇಲಿನಿಂದ ಕೇಳಿದಳು.

ಕೆಳಗೆ ಯಜಮಾನರು ಕಟ್ಟಿದ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು, ಬೋರ್ಡಿನಿಂದ ದೂರದಲ್ಲಿ, ಹೆಚ್ಚುಕಡಿಮೆ ಕನ್ನಡಕದ ಅಂಗಡಿಯ ಒಳಗೇ ನಿಂತಿದ್ದರು. ಕತ್ತೆತ್ತಿ ನೋಡಿ ಹೇಳಿದರು:

"ಇನ್ನೂ ಒಂಚೂರು ಜೋಲಿಸಮ್ಮಾ!"

ನನ್ನ ಪಕ್ಕದಲ್ಲಿ ಯಾರೋ ನಕ್ಕರು. ತಿರುಗಿ ನೋಡಿದರೆ ಅತ್ತಿಗೆ. ಅಣ್ಣನ ಟೇಪನ್ನು ಮುಷ್ಟಿಯಲ್ಲಿ ಹಿಡಿದು, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು. ಅಣ್ಣ ಹೋದ ಮೇಲೆ ಅವರ ನಗು ನನ್ನ ಕಿವಿಗೆ ಬಿದ್ದದ್ದು ಅದೇ ಮೊದಲು. ನಾನು ಬೀದಿಯಲ್ಲೇ ಕಣ್ಣು ಮುಚ್ಚಿ ದೇವರಿಗೆ ಕೈಮುಗಿದೆ.