ನಲವತ್ತೊಂದನೇ ರೂಟಿನ ಕೊನೆ

ಬಿಳಿ ಬೋರ್ಡಿನಲ್ಲಿ ಏಳನೇ ರೂಟಿನ ಮುಂದೆ ನಾನು ನನ್ನ ಹೆಸರು ಬರೆದಾಗ, ಗ್ಯಾರೇಜಿನಲ್ಲಿ ಕೂತಿದ್ದ ಅರವತ್ತು ಡ್ರೈವರುಗಳೂ ಗಪ್‌ಚಿಪ್ಪಾದರು.

ಮೊದಲು ಬಾಯಿ ಬಿಟ್ಟವನು ಹೋಬರ್ಟ್. ನನ್ನ ಪಕ್ಕದ ಬಸ್ಸಿನವನು, ಇಪ್ಪತ್ತು ವರ್ಷದ ಗೆಳೆಯ. "ಅಂತೂ ಮುದುಕನಿಗೆ ಬುದ್ಧಿ ಬಂತಪ್ಪಾ! ನಮ್ಮ ಎಲ್ವುಡ್ ಕೊನೆಗೂ ಬೆಟ್ಟ ಇಳಿದ!"

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಪೆನ್ನಿನ ಮುಚ್ಚಳ ಹಾಕಿ ಬಂದು ಕೂತೆ.

ನಮ್ಮ ಕೌಂಟಿಯ ಹದಿನಾಲ್ಕು ಶಾಲೆಗಳಿಗೂ ಆಫೀಸು ಒಂದೇ, ಬಸ್ಸುಗಳು ನಿಲ್ಲುವ ಗ್ಯಾರೇಜೂ ಒಂದೇ. ಶಾಲೆ ಶುರುವಾಗುವ ಮುಂಚೆ, ಆಗಸ್ಟಿನ ಒಂದು ಮಂಗಳವಾರ, ರೂಟು ಆರಿಸಿಕೊಳ್ಳುವ ದಿನ. ಯಾರಿಗೆ ಸರ್ವಿಸ್ ಜಾಸ್ತಿಯೋ ಅವರು ಮೊದಲು. ನನ್ನದು ಮೂವತ್ತೊಂದು ವರ್ಷದ ಸರ್ವಿಸು. ಮೊದಲ ಹೆಸರು ನನ್ನದೇ.

ಏಳನೇ ರೂಟೆಂದರೆ ಬೆಣ್ಣೆ. ಡಾಂಬರು ರಸ್ತೆ, ಒಂದೂ ಏರಿಲ್ಲ, ಎಂಟಕ್ಕೆಲ್ಲ ಮನೆಯಲ್ಲಿ ಕಾಫಿ. ನಲವತ್ತೊಂದು ಹಾಗಲ್ಲ. ಹತ್ತೊಂಬತ್ತು ಮೈಲಿಯಲ್ಲಿ ಅರ್ಧ ಜಲ್ಲಿ, ಎರಡು ಕಡೆ ಒಂದೇ ಗಾಡಿ ಹಿಡಿಸುವ ಸೇತುವೆ. ಜನವರಿಯ ಹಿಮದಲ್ಲಿ ಚಕ್ರಕ್ಕೆ ಸರಪಳಿ ಸುತ್ತದೆ ಹತ್ತುವಂತೆಯೇ ಇಲ್ಲ. ಅದು ಯಾವಾಗಲೂ ಕೊನೆಗೆ ಉಳಿದು, ಹೊಸದಾಗಿ ಸೇರಿದವರ ತಲೆಗೆ ಬೀಳುವ ರೂಟು.

ನಾನು ಹನ್ನೊಂದು ವರ್ಷ ಅದನ್ನೇ ಬರೆದೆ. ಎಲ್ವುಡ್‌ಗೆ ಬೆಟ್ಟದ ಗಾಳಿಯ ಹುಚ್ಚು ಅಂದರು, ಜಿಂಕೆ ಬೇಟೆಗೆ ಜಾಗ ನೋಡುತ್ತಾನೆ ಅಂದರು. ಅನ್ನಲಿ ಅಂತ ಬಿಟ್ಟೆ. ರೂಟಿನ ಕೊನೆಯಲ್ಲಿ ಲಾರೆಲ್ ಫೋರ್ಕ್ ಅಂತ ಒಂದು ಸಣ್ಣ ಶಾಲೆ. ಆ ಶಾಲೆಯ ಅಡುಗೆಮನೆಯಲ್ಲಿ ರೊವೀನಾ.

ಮೊದಲ ದಿನ ನೆನಪಿದೆ. ನಲವತ್ತೊಂದರ ಡ್ರೈವರು ನಡುವೆಯೇ ಕೆಲಸ ಬಿಟ್ಟಿದ್ದ, ಅವನ ಬದಲಿಗೆ ನನ್ನನ್ನು ಕಳಿಸಿದ್ದರು. ಅಡುಗೆಮನೆಯ ಕಿಟಕಿಯ ಕೆಳಗೆ ಬಸ್ಸು ನಿಲ್ಲಿಸಿದೆ. ಒಬ್ಬ ಹೆಂಗಸು ಸೌಟು ಹಿಡಿದುಕೊಂಡೇ ಹೊರಗೆ ಬಂದು ನನ್ನ ಗಾಜಿಗೆ ಟಕಟಕ ಬಡಿದಳು. ಎಡಗಡೆಯ ಹುಬ್ಬಿಗೆ ಹಿಟ್ಟು ಮೆತ್ತಿತ್ತು.

"ಎಷ್ಟು ಜನ ತಂದಿದೀರಿ? ಅಷ್ಟು ಬನ್ನು ಒಲೆಗೆ ಇಡಬೇಕು. ನಾಳೆಯಿಂದ ತಿರುವಿನಲ್ಲೇ ಬೆರಳಲ್ಲಿ ತೋರಿಸಿಬಿಡಿ, ನಾನು ಕಿಟಕಿಯಿಂದ ನೋಡ್ಕೋತೀನಿ."

ನಾನು ಕೈ ಎತ್ತಿ ತೋರಿಸಿದೆ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ಮರ ಕೊಯ್ಯುವ ಮಿಲ್ಲಿಗೆ ಸೇರಿದವನು ನಾನು. ಅಲ್ಲಿಯ ಗರಗಸ ನನ್ನ ಒಂದು ಬೆರಳು ಇಟ್ಟುಕೊಂಡಿದೆ.

ಅವಳು ಕೈ ನೋಡಿದಳು, ನನ್ನ ಮುಖ ನೋಡಿದಳು. ಅಯ್ಯೋ ಪಾಪ ಅನ್ನಲಿಲ್ಲ. "ಒಂಬತ್ತು ಬೆರಳಲ್ಲಿ ಹತ್ತು ಹೇಗೆ ತೋರಿಸ್ತೀರಿ ಮಿಸ್ಟರ್?"

"ಮೂಗು ಸೇರಿಸ್ಕೊಳ್ಳಿ," ಅಂದೆ.

ಅವಳು ಸೌಟಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಸೌಟಿನಲ್ಲಿದ್ದ ಗ್ರೇವಿ ಗಲ್ಲಕ್ಕೆ ಹತ್ತಿತು. ನನ್ನ ಹೆಂಡತಿ ತೀರಿ ಮೂರು ವರ್ಷವಾಗಿತ್ತು. ಆ ಮೂರು ವರ್ಷದಲ್ಲಿ ನನ್ನ ಮಾತಿಗೆ ಯಾರೂ ಹಾಗೆ ನಕ್ಕಿರಲಿಲ್ಲ.

ಅವತ್ತಿನಿಂದ ಹತ್ತಕ್ಕೆ ಒಂದು ಸಲ ಮೂಗು ಮುಟ್ಟುವುದು ನಮ್ಮ ಕ್ರಮ. ಮೂವತ್ತೆರಡು ಮಕ್ಕಳಿದ್ದರೆ ಮೂರು ಸಲ ಮೂಗು, ಎರಡು ಬೆರಳು. ಮಕ್ಕಳು ಇಳಿಯುವ ಹೊತ್ತಿಗೆ ಕಿಟಕಿಯಿಂದ ಒಂದು ಪೊಟ್ಟಣ ಬರುತ್ತಿತ್ತು, ಒಳಗೆ ಬಿಸಿ ಬನ್ನು ಎರಡು. ಅವಳೂ ಗಂಡನನ್ನು ಕಳಕೊಂಡವಳು. ನಾವು ಹವಾಮಾನ ಮಾತಾಡುತ್ತಿದ್ದೆವು, ಯಾವ ಮಗುವಿಗೆ ಜ್ವರ ಎಂದು ಮಾತಾಡುತ್ತಿದ್ದೆವು. ಮಿಕ್ಕದ್ದು ನಾಳೆ ಹೇಳಿದರಾಯಿತು ಅಂದುಕೊಂಡು ನಾನು ಬಸ್ಸು ತಿರುಗಿಸುತ್ತಿದ್ದೆ.

ಹೋದ ವಸಂತದಲ್ಲಿ ಶಾಲಾ ಮಂಡಳಿಯವರು ಲಾರೆಲ್ ಫೋರ್ಕ್ ಮುಚ್ಚುವುದೆಂದು ತೀರ್ಮಾನಿಸಿದರು. ಮಕ್ಕಳು ಕಡಿಮೆ, ಚಾವಣಿ ಹಳೆಯದು. ಬೆಟ್ಟದ ಮಕ್ಕಳೆಲ್ಲ ಇನ್ನು ಕಣಿವೆಯ ಹೊಸ ದೊಡ್ಡ ಶಾಲೆಗೆ.

ಜೂನಿನಲ್ಲಿ, ಶಾಲೆಯ ಕೊನೆಯ ದಿನ, ಅವಳು ಪೊಟ್ಟಣ ಕೊಟ್ಟು ಕೈ ಹಿಂದಕ್ಕೆ ತೆಗೆಯಲಿಲ್ಲ. "ಇನ್ನು ಮೇಲೆ ಯಾರಿಗೆ ಮೂಗು ತೋರಿಸ್ತೀರಿ ಎಲ್ವುಡ್?"

ಉತ್ತರ ನಾಲಿಗೆ ತುದಿಯಲ್ಲಿತ್ತು. ನಾನು ಹೇಳಿದ್ದೇನು ಗೊತ್ತೇ? "ಯಾರಾದರೂ ಸಿಗ್ತಾರೆ ಬಿಡಿ."

ಅವಳು ಕಿಟಕಿ ಮುಚ್ಚಿದಳು. ಬೇಸಿಗೆಯುದ್ದಕ್ಕೂ ಆ ಕಿಟಕಿ ನನ್ನ ಕಣ್ಣಮುಂದೆ ಮುಚ್ಚುತ್ತಲೇ ಇತ್ತು.

ಜುಲೈಯಲ್ಲಿ ಹೋಬರ್ಟ್ ಸುದ್ದಿ ತಂದ. ರೊವೀನಾ ಹೊಸ ಶಾಲೆಯ ಅಡುಗೆಮನೆಗೆ ಅರ್ಜಿ ಹಾಕಿದ್ದಾಳಂತೆ. ಹೊಸ ಶಾಲೆಯ ಬಾಗಿಲಿಗೇ ಹೋಗಿ ನಿಲ್ಲುವ ರೂಟು ಏಳು. ಬೆಟ್ಟದ ಬಸ್ಸು ಬರುವುದು ತಡವಾಗಿ, ನಿಲ್ಲುವುದು ಹಿಂಬಾಗಿಲಲ್ಲಿ. ಏಳರಲ್ಲಿ ಮೊದಲು ಹೋಗಿ ನಿಂತರೆ ಈ ಸಲವಾದರೂ ಬಾಯಿ ಬಿಟ್ಟೇನು ಅಂದುಕೊಂಡೆ.

ಹಾಗೆ ಬರೆದೆ ಏಳು.

ಹೆಸರುಗಳು ಮುಗಿಯುತ್ತ ಬಂದವು. ನಲವತ್ತೊಂದು ಉಳಿದದ್ದು ಹೋದ ತಿಂಗಳಷ್ಟೇ ಸೇರಿದ ಕ್ಯಾಸಿಡಿಗೆ. ಇಪ್ಪತ್ತೈದರ ಹುಡುಗಿ, ಕಣಿವೆಯಲ್ಲಿ ಮನೆ, ಆರು ತಿಂಗಳ ಕೂಸು. ಅವಳು ಬೋರ್ಡಿಗೆ ಬೆನ್ನು ಹಾಕಿ ಕಣ್ಣೊರೆಸಿಕೊಂಡಳು.

"ಕಾಫಿ ಕುಡೀರಿ," ಅಂದಳು ಬಸ್ಸುಗಳ ಮೇಲ್ವಿಚಾರಕಿ ಟ್ಯಾಮಿ. "ಆಮೇಲೆ ಆಯಾಗಳ ಸರದಿ."

ಆಯಾಗಳೆಂದರೆ ಪುಟ್ಟ ಮಕ್ಕಳಿರುವ ಬಸ್ಸಿನಲ್ಲಿ ಜೊತೆಗೆ ಕೂರುವವರು. ನಾನು ಒಂದು ಲೋಟ ಕಾಫಿ ಬಗ್ಗಿಸಿಕೊಂಡು ತಿರುಗಿದೆ. ಹಿಂದಿನ ಸಾಲಿನಲ್ಲಿ ಆಯಾಗಳ ನಡುವೆ ನೀಲಿ ಬ್ಲೌಸು ಹಾಕಿಕೊಂಡು ರೊವೀನಾ ಕೂತಿದ್ದಳು. ಹುಬ್ಬಿನಲ್ಲಿ ಹಿಟ್ಟಿರಲಿಲ್ಲ. ಸಿಟ್ಟಿತ್ತು.

ನೇರ ನನ್ನ ಹತ್ತಿರ ಬಂದಳು. "ಹನ್ನೊಂದು ವರ್ಷ ಬಿಡದ ರಸ್ತೆ, ಈ ವರ್ಷವೇ ಬಿಡೋದಕ್ಕೆ ಸಿಕ್ಕಿತಾ?"

"ನೀವು ಅಡುಗೆಮನೆಗೆ..."

"ಆ ಅರ್ಜಿ ವಾಪಸ್ ತಗೊಂಡೆ. ಕೌಂಟಿಯವರು ಆಯಾ ತರಬೇತಿ ಕೊಡ್ತೀವಿ ಅಂದರು. ಬೇಸಿಗೆಯೆಲ್ಲ ಮೂರು ವರ್ಷದ ಮಗುವಿನ ಗಾತ್ರದ ಗೊಂಬೆಗಳಿಗೆ ಬೆಲ್ಟ್ ಕಟ್ಟೋದು ಕಲಿತೆ. ಈ ವರ್ಷ ನಲವತ್ತೊಂದರಲ್ಲಿ ಪುಟ್ಟ ಮಕ್ಕಳಿದ್ದಾರೆ, ಆಯಾ ಬೇಕೇ ಬೇಕು. ಇಪ್ಪತ್ತೊಂಬತ್ತು ವರ್ಷದ ಸರ್ವಿಸು ನನ್ನದು, ಮೊದಲ ಸರದಿ ನನಗೇ." ಉಸಿರು ತಗೊಂಡಳು. "ಏಳರಲ್ಲಿ ಆಯಾ ಇಲ್ಲ, ಎಲ್ವುಡ್."

ನಾನು ಬೋರ್ಡಿನಲ್ಲಿ ಏಳರ ಮುಂದಿದ್ದ ನನ್ನ ಹೆಸರು ನೋಡಿದೆ.

"ಆ ರಸ್ತೆ ಅಂದ್ರೆ ನಿಮಗೆ ಪ್ರಾಣ ಅಂದ್ಕೊಂಡಿದ್ದೆ," ಅಂದಳು, ಸ್ವಲ್ಪ ಮೆಲ್ಲಗೆ.

"ಆ ರಸ್ತೆ ನನಗೆ ಒಂದು ದಿನವೂ ಇಷ್ಟ ಇರಲಿಲ್ಲ. ಸೊಂಟ ಹೋಯ್ತು ಅದರಿಂದ."

"ಮತ್ತೆ ಯಾಕೆ?"

"ರಸ್ತೆಯ ಕೊನೆ ಇಷ್ಟ ಇತ್ತು."

ಅವಳ ಕುತ್ತಿಗೆಯಿಂದ ಕಿವಿಯವರೆಗೆ ಕೆಂಪೇರಿತು. ಅರವತ್ತೊಂದರ ಹೆಂಗಸು ಹಾಗೆ ಕೆಂಪಾಗುವುದನ್ನು ನಾನು ಮೊದಲ ಸಲ ನೋಡಿದೆ. ಮರುಕ್ಷಣ ಅವಳ ಗದ್ದ ಬಾಗಿಲ ಕಡೆ ತಿರುಗಿತು. "ಹಾಗಾದ್ರೆ ಇಲ್ಲಿ ನಿಂತು ಕಾಫಿ ಆರಿಸ್ತಾ ಏನು ಮಾಡ್ತಿದೀರಿ? ನಲವತ್ತೊಂದು ಸಿಕ್ಕ ಆ ಹುಡುಗಿ ಹೊರಟಳು, ನೋಡಿ!"

ನಾನು ಓಡಿದೆ. ಅರವತ್ತಾರು ವರ್ಷಕ್ಕೆ ಅದನ್ನು ಓಟ ಅನ್ನಬಹುದಾದರೆ. ಬದಲಾಯಿಸಿಕೊಳ್ಳುವುದಾದರೆ ಅವತ್ತೇ, ಟ್ಯಾಮಿ ಪುಸ್ತಕ ಮುಚ್ಚುವುದರೊಳಗೆ, ಇಬ್ಬರೂ ಸಹಿ ಹಾಕಬೇಕು.

"ಏಳು ನಿನಗೆ, ನಲವತ್ತೊಂದು ನನಗೆ. ಆಗಬಹುದಾ ಮಗಳೇ?" ಅಂದೆ.

ಕ್ಯಾಸಿಡಿ ಕಣ್ಣರಳಿಸಿದಳು. "ತಮಾಷೆ ಮಾಡ್ತಿದೀರಾ ಮಿಸ್ಟರ್ ಎಲ್ವುಡ್?"

"ತಮಾಷೆ ಅಲ್ಲ, ನಡಿ ಬೇಗ!"

ಟ್ಯಾಮಿ ಫಾರಂ ಕೊಟ್ಟಳು. ಕ್ಯಾಸಿಡಿ ಸರಸರ ಸಹಿ ಮಾಡಿದಳು. ನನ್ನ ಸಹಿಯೂ ಆಯಿತು. ಟ್ಯಾಮಿಯ ಬೆರಳು ಕೆಳಗಿನ ಖಾಲಿ ಸಾಲಿನ ಮೇಲೆ ನಿಂತಿತು. "ಕಾರಣ ಬರೀಬೇಕು. ಅದಿಲ್ಲದೆ ಆಫೀಸಿನವರು ಒಪ್ಪಲ್ಲ."

"ಬೆಟ್ಟದ ಗಾಳಿ ಅಂತ ಬರಿ!" ಕೂಗಿದ ಹೋಬರ್ಟ್. ಎಲ್ಲರೂ ನಕ್ಕರು.

ನನಗೆ ಬರೆಯುವುದು ನಿಧಾನ. ಒಂದೊಂದೇ ಅಕ್ಷರ ಕೂರಿಸಿ ಬರೆದೆ. ಟ್ಯಾಮಿ ಕಾಗದ ತಿರುಗಿಸಿಕೊಂಡು ಓದಿದಳು. ಕನ್ನಡಕ ತೆಗೆದಳು, ಮತ್ತೆ ಹಾಕಿಕೊಂಡಳು.

"ಇಲ್ಲಿ ಒಂದು ಹೆಸರು ಮಾತ್ರ ಇದೆ," ಅಂದಳು.

"ಕಾರಣ ಅದೇ," ಅಂದೆ.

ಹೋಬರ್ಟ್ ಎದ್ದು ಬಂದು ಇಣುಕಿದ. ಹಾಗೇ ತಿರುಗಿ ಹಿಂದಿನ ಸಾಲು ನೋಡಿದ. ಅವನ ಜೊತೆ ಗ್ಯಾರೇಜಿಗೆ ಗ್ಯಾರೇಜೇ ತಿರುಗಿತು. ತನ್ನ ಜಾಗಕ್ಕೆ ಹೋಗಿ ಕೂತಿದ್ದ ರೊವೀನಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದಳು. ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೆ ಅಂತ ಹೆದರಿದೆ. ಕೈ ತೆಗೆದಾಗ ನೋಡಿದರೆ ನಗುತ್ತಿದ್ದಳು.

ಟ್ಯಾಮಿ ಫಾರಮ್ಮಿಗೆ ಮೊಹರು ಒತ್ತಿ, ಬೋರ್ಡಿನಲ್ಲಿ ನನ್ನ ಮತ್ತು ಕ್ಯಾಸಿಡಿಯ ಹೆಸರು ಅದಲುಬದಲು ಮಾಡಿ ಕೂಗಿದಳು, "ಆಯಾಗಳ ಸರದಿ! ಮೊದಲ ಹೆಸರು, ರೊವೀನಾ."

ಅವಳು ಅವಸರ ಮಾಡಲಿಲ್ಲ. ಬೋರ್ಡಿನ ಹತ್ತಿರ ಹೋಗಿ, ನನ್ನ ಹೆಸರಿನ ಪಕ್ಕಕ್ಕೆ ತನ್ನ ಹೆಸರು ಬರೆದಳು.

ಶಾಲೆ ಶುರುವಾದ ದಿನ ಐದೂಮುಕ್ಕಾಲಿಗೆ ಗೇಟು ದಾಟಿದೆವು. ಬೆಟ್ಟದ ಮೇಲೆ ಬೆಳಕು ಹರಿಯುತ್ತಿತ್ತು. ಮೊದಲ ಮಗು ಹತ್ತುವುದಕ್ಕೆ ಇನ್ನೂ ಐದು ಮೈಲಿ. ಅವಳು ನನ್ನ ಹಿಂದಿನ ಸೀಟಿನಲ್ಲಿ ಕೂತಿದ್ದಳು, ಮಡಿಲಲ್ಲಿ ಮನೆಯಲ್ಲೇ ಸುಟ್ಟ ಬನ್ನಿನ ಪೊಟ್ಟಣ.

"ಎಷ್ಟು ಜನ?" ಅಂತ ಕೇಳಿದಳು.

ನಾನು ಕನ್ನಡಿಯಲ್ಲಿ ಅವಳನ್ನು ನೋಡಿ ಎರಡು ಬೆರಳು ಎತ್ತಿದೆ.

"ಸರಿಯಾಗಿದೆ," ಅಂದು ಅವಳು ಪೊಟ್ಟಣ ಬಿಚ್ಚಿದಳು.