ಮಂಚಯ್ಯನ ಕೂಗು

"ನಮ್ಮಪ್ಪನ್ನ ಇನ್ನೂ ಎಷ್ಟ್ ಸಲ ಸಾಯಿಸ್ಬೇಕು ಅಂತಿದ್ದೀಯ?"

ಪ್ರಮೀಳಾ ಕೈಲಿದ್ದ ಪ್ಲಾಸ್ಟಿಕ್ ಗನ್ನನ್ನು ಮೇಜಿನ ಮೇಲೆ ಬಿಸಾಡಿದಳು. ವಸಂತನ ಕಾಫಿ ಲೋಟ ಉರುಳಿತು.

ಸರಗೂರು ಬಸ್ ಸ್ಟ್ಯಾಂಡ್ ಎದುರಿನ ಮಹಡಿ ಕೋಣೆ ಅದು. ಹಿಂದೆ ವಿಡಿಯೋ ಗೇಮ್ ಅಂಗಡಿಗಳಲ್ಲಿ ಹುಡುಗರು ಮುಗಿಬಿದ್ದು ಆಡುತ್ತಿದ್ದ ಗನ್ ಆಟವೊಂದನ್ನು ಇಂದಿನ ಟಿವಿ, ಮೊಬೈಲಿಗೆ ಒಗ್ಗುವಂತೆ ವಸಂತ್ ಅಲ್ಲಿ ಕಂಪನಿಯೊಂದಕ್ಕಾಗಿ ಹೊಸದಾಗಿ ಕಟ್ಟುತ್ತಿದ್ದ. ಕಾಡಿನ ಮರೆಯಿಂದ ಕಳ್ಳರು ನುಗ್ಗುತ್ತಾರೆ, ಗುರಿಯಿಟ್ಟು ಹೊಡೆಯಬೇಕು. ಮೊದಲು ಅವಳೇ ಆಡಲಿ ಎಂದು ಆಸೆಪಟ್ಟು ಕರೆದಿದ್ದ.

ಆಡುವಾಗ ಪರದೆಯ ಮೇಲೆ ಮರದಡಿ ಯಾರೋ ಎದ್ದಿದ್ದ. ಹೊಡೆದಿದ್ದಳು. "ಹೋ... ಹೋಯ್..." ಎಂಬ ಕೂಗು ಅರ್ಧಕ್ಕೇ ತುಂಡಾಗಿತ್ತು.

ಆ ಕೂಗು ಅವಳಿಗೆ ಗೊತ್ತಿಲ್ಲವೇ? ಅಂತರಸಂತೆಯ ರಾಗಿ ಹೊಲದಲ್ಲಿ, ಅಟ್ಟಣೆ ಮೇಲೆ ಕೂತು ಆನೆ ಓಡಿಸುತ್ತಿದ್ದ ಅಪ್ಪ ಮಂಚಯ್ಯನ ಕೂಗು! ಅಪ್ಪ ತೀರಿಕೊಂಡ ಮೇಲೆ ಆ ಹೊಲದಲ್ಲಿ ಯಾರೂ ಹಾಗೆ ಕೂಗಿರಲಿಲ್ಲ.

"ಅವ್ನು ಕಳ್ಳ ಅಲ್ಲ ಕಣೇ, ಕಾವಲುಗಾರ. ಹೊಡೀದೆ ಬುಟ್ರೆ ಪೂರ್ತಿ ಕೂಗಿ, ಕಳ್ಳರು ಬರೋ ದಿಕ್ಕು ತೋರಿಸ್ತಾನೆ. ನೀನು ಅವಸರ ಮಾಡ್ದೆ..."

"ಓಹೋ! ತಪ್ಪು ನಂದಾ?"

ಹಾಳಾದವನಿಗೆ ಆಗಲೂ ಆಟದ್ದೇ ಚಿಂತೆ!

"ಈ ದನಿ ಎಲ್ಲಿ ಸಿಕ್ತು?"

"ನಿಮ್ಮಪ್ಪನ ಜೊತೆ ಅಟ್ಟಣೆ ಮೇಲೆ ಕೂತು ಕಾಡಿನ ಸದ್ದು ರೆಕಾರ್ಡ್ ಮಾಡ್ತಿದ್ನಲ್ಲ, ಆಗ. ಆಟಕ್ಕೆ ಹಾಕ್ಕೋ ಕಣ್ಲಾ ಅಂತ ಅವರೇ ಅಂದಿದ್ರು..."

ಪ್ರಮೀಳಾಳ ಮೈಯೆಲ್ಲ ಉರಿದುಹೋಯಿತು. ಹಾಗಾದರೆ ಇಷ್ಟು ದಿನವೂ...

"ನಮ್ಮನೇಲಿ ಅಪ್ಪನ ಫೋಟೋ ಅದೆ, ದನಿ ಇಲ್ಲ! ಎಲ್ಲಿ ಮರ್ತೋಯ್ತದೋ ಅಂತ ನಾನೂ ನಮ್ಮವ್ವನೂ ಹೆದರ್ಕಂಡು ಕೂತಿದ್ರೆ, ನೀನು ಕಂಡೋರ ಕೈಲಿ ಗುಂಡು ಹೊಡ್ಸೋಕೆ ಮಡಿಕ್ಕಂಡಿದ್ದಾ?"

"ನೀನು ಅಳೋದ ನೋಡೋಕಾಗಲ್ಲ ಅಂತ ಹೇಳ್ಲಿಲ್ಲ..."

"ನಾನು ಅಳ್ಬೇಕಿತ್ತು ಕಣೋ!"

ದಡದಡನೆ ಮೆಟ್ಟಿಲಿಳಿದು ಹೋಗಿ ಅಂತರಸಂತೆ ಬಸ್ಸಿನಲ್ಲಿ ಕೂತಳು. 'ಇವನ ಮುಖ ನೋಡಿದರೆ ಕೇಳು' ಅಂದುಕೊಂಡಳು. ಆದರೂ ಕಣ್ಣು ಆ ಮಹಡಿಯ ಕಡೆಗೇ ಹೋಗುತ್ತಿತ್ತು.

ಡ್ರೈವರ್ ಹಾರ್ನ್ ಹೊಡೆಯುವ ಹೊತ್ತಿಗೆ ವಸಂತ್ ಏದುಸಿರು ಬಿಡುತ್ತಾ ಬಸ್ ಹತ್ತಿದ. ಅವಳ ಕೈಗೆ ತನ್ನ ಫೋನು, ಹೆಡ್‌ಫೋನು ಇಟ್ಟ.

"ಆಟದಿಂದ ತೆಗ್ದೆ. ಕಾವಲುಗಾರ ಮೂಕ ಆದ ಅಂತ ಕಂಪನಿಯೋರು ಬೈತಾರೆ. ಕೆಲಸ ಹೋದ್ರೂ ಹೋಗ್ಲಿ. ಇದು ನಿಂದು."

ಕೊನೆಗೂ ಬುದ್ಧಿ ಬಂತು!

ಅವಳು ಕಿವಿಗಿಟ್ಟುಕೊಂಡಳು. ಹೋ... ಹೋಯ್... ಹೊಯ್ಯಾ! ಈ ಸಲ ಯಾರೂ ತುಂಡು ಮಾಡಲಿಲ್ಲ. ಕೆಮ್ಮಿದ್ದು, ಆನೆಗೆ ಬೈದದ್ದು, ಎಲ್ಲ ಇತ್ತು. ಬಸ್ಸಿನವರೆಲ್ಲ ನೋಡುತ್ತಿದ್ದರೂ ಬಿಕ್ಕಿ ಬಿಕ್ಕಿ ಅತ್ತಳು.

"ಇನ್ನೊಂದು ತಪ್ಪೂ ಮಾಡಿದ್ದೀನಿ," ಎಂದ ಅವನು ತಲೆ ತಗ್ಗಿಸಿ. "ನೀನಂದ್ರೆ ಪ್ರಾಣ ಅಂತ... ನಿನಗಿಂತ ಮೊದ್ಲು ಅವರಿಗೆ ಹೇಳ್ಬುಟ್ಟಿದ್ದೆ."

"ಅಪ್ಪ ಏನಂದ್ರು?"

"ಅಷ್ಟ್ರಲ್ಲಿ ಆನೆ ಬಂತು... ನಂಗೆ ಉತ್ರ ಹೇಳೋದು ಬುಟ್ಟು ಅದ್ನ ಓಡ್ಸೋಕೆ ಕೂಗ್ತಾ ನಿಂತ್ರು."

ಅಳುವಿನ ನಡುವೆಯೇ ಅವಳಿಗೆ ನಗು ಬಂತು. ಕೋಪ ಮಾತ್ರ ಇಳಿದಿರಲಿಲ್ಲ. ಪಕ್ಕಕ್ಕೆ ಸರಿದು ಜಾಗ ಬಿಟ್ಟಳು.

"ಕೂತ್ಕೋ. ನಂಗೆ ಟಿಕೆಟ್ ಫ್ರೀ, ನಿಂದು ನೀನೇ ತಗೋ."

"ಎಲ್ಲಿಗೆ?"

"ಮನೆಗೆ ಕಣೋ... ನಮ್ಮವ್ವನೂ ಕೇಳ್ಬೇಕಲ್ಲ!"