ಬಲಗಡೆಯ ಬಿಸಿ ಪೆಟ್ಟಿಗೆ

“ನನ್ನ ತಟ್ಟೆ ಕೆಳಗಿಡಿ!”

ಅವಳ ಕೂಗಿಗೆ ಪ್ರಯೋಗಾಲಯದಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವನು ಅಂಗೈಯಗಲದ ಆ ಗಾಜಿನ ತಟ್ಟೆಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟ. ಮುಚ್ಚಳದ ಮೇಲಿದ್ದದ್ದು ಅವಳದೇ ಕೈಬರಹ.

“ಇದು ನಿಮ್ಮ ಕೈಗೆ ಹೇಗೆ ಬಂತು?”

ಅವನು ಸುತ್ತ ನಿಂತವರನ್ನು ನೋಡಿ ಬಾಯಿ ಮುಚ್ಚಿಕೊಂಡ. ಅವನಿಗೆ ಮೌನಿ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಅವಳಿಗೆ ಅಲ್ಲಿನವರು ಇಟ್ಟ ಹೆಸರು ಹುಳದಮ್ಮ. ಎಳ್ಳಿಗಿಂತ ಸಣ್ಣ ದುಂಡುಹುಳುವಿನ ಹೊಟ್ಟೆಯಲ್ಲಿ ಅಂಡಾಶಯ ಹೇಗೆ ಬೆಳೆಯುತ್ತದೆ, ಮೊಟ್ಟೆಯಾಗುವ ಬೀಜಕೋಶಗಳು ಹೇಗೆ ಹೆಚ್ಚುತ್ತವೆ ಎಂದು ವರ್ಷಗಟ್ಟಲೆ ನೋಡುತ್ತಾ ಕುಳಿತವಳು. ಅವಳು ಸಾಕಿದ ಈ ತಳಿ ಇನ್ನೆಲ್ಲೂ ಇರಲಿಲ್ಲ. ಇದು ಅಳಿದರೆ ಅವಳ ದುಡಿಮೆಯೆಲ್ಲ ಮಣ್ಣುಪಾಲು!

ಬೆಳಿಗ್ಗೆ ಅವಳು ತನ್ನ ತಟ್ಟೆಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದ್ದಳು. ಹುಳುಗಳು ಬೆಳೆದಿದ್ದವು, ಹೊಟ್ಟೆ ಮಾತ್ರ ಖಾಲಿ. ಒಂದು ಬೀಜಕೋಶವೂ ಇಲ್ಲ. ಈಗ ಇವನು ತಂದ ತಟ್ಟೆಯನ್ನೂ ಸೂಕ್ಷ್ಮದರ್ಶಕದಡಿ ಎಳೆದುಕೊಂಡು ನೋಡಿದರೆ ಮೊಟ್ಟೆ ತುಂಬಿಕೊಂಡ ಹುಳುಗಳು!

‘ಅದಲು ಬದಲು ಮಾಡಿದ್ದಾನೆ... ಒಳ್ಳೇದು ತನಗೆ, ಬಂಜೆ ಹುಳು ನನಗೆ!’

ಅನುಮಾನ ಮೊದಲೇ ಇತ್ತು. ಅವನು ದಿನಾ ಬಂದು ತಳಿಯ ಬಗ್ಗೆ ಕೇಳುತ್ತಿದ್ದ. “ಅಷ್ಟೊಂದು ಕೇಳ್ತಾನೆ ಅಂದ್ರೆ ಏನೋ ಮಸಲತ್ತಿದೆ ಕಣೇ,” ಎಂದು ಅಕ್ಕ ಫೋನಿನಲ್ಲಿ ಕಿವಿಯೂದಿದ್ದಳು.

“ಹೇಳ್ತೀರೋ, ಮೇಡಮ್ ಹತ್ರ ಹೋಗ್ಲೋ?”

“ಹೋಗ್ಬೇಡಿ...” ಅಷ್ಟೇ ಅಂದ.

ಹೋದಳು. ಪ್ರಯೋಗಾಲಯದ ಮುಖ್ಯಸ್ಥೆಯಾದ ಮೇಡಮ್ ಕಡ್ಡಿ ಮುರಿದಂತೆ ಮಾತಾಡುವವರು. ಕರೆಸಿ ಎಷ್ಟು ಕೇಳಿದರೂ ಅವನು ತಲೆ ತಗ್ಗಿಸಿಯೇ ನಿಂತ.

“ಹಾಗಾದ್ರೆ ಬೀಗದ ಕೈ ಕೊಟ್ಟು ಹೊರಡಪ್ಪ.”

ಅವಳು ಗೆದ್ದಳು. ಆದರೂ ಆ ಮುಚ್ಚಳವನ್ನೇ ಮತ್ತೆ ಮತ್ತೆ ತಿರುಗಿಸಿ ನೋಡಿದಳು. ‘ಕದಿಯೋನು ನನ್ನ ಕೈಬರಹದ ಮುಚ್ಚಳ ಯಾಕೆ ಹಾಕ್ತಾನೆ?’

ಖಾಲಿ ಹುಳುಗಳನ್ನು ವಾಪಸ್ ಇಡಲು ಹುಳು ಬೆಳೆಸುವ ಪೆಟ್ಟಿಗೆಯ ಬಾಗಿಲು ತೆರೆದಾಗ ಒಳಗಿನ ಗಾಳಿ ಮುಖಕ್ಕೆ ಬೆಚ್ಚಗೆ ತಾಗಿತು.

ಬೆಚ್ಚಗೆ?!

ಅಕ್ಕಪಕ್ಕದಲ್ಲಿ ಒಂದೇ ಬಣ್ಣದ ಎರಡು ಪೆಟ್ಟಿಗೆಗಳು. ಎಡಗಡೆಯದು ತಂಪು, ಬಲಗಡೆಯದು ಬಿಸಿ. ಅವಳ ತಳಿಯ ಮರಿಗಳು ಬಿಸಿಯಲ್ಲಿ ಬೆಳೆದರೆ ಬೀಜಕೋಶಗಳು ಹೆಚ್ಚುವುದೇ ಇಲ್ಲ. ಎಲ್ಲರಿಗೂ ಈ ಪಾಠ ಹೇಳುವವಳೇ ಅವಳು! ಅನುಮಾನ ತಲೆಗೇರಿದಾಗ ಅದೆಲ್ಲಿ ನೆನಪಾಗಬೇಕು? ಕೆಲವು ದಿನದ ಹಿಂದೆ ಸಂಜೆ ಭುಜಕ್ಕೂ ಕಿವಿಗೂ ನಡುವೆ ಫೋನು ಸಿಕ್ಕಿಸಿಕೊಂಡು, ಅಕ್ಕನ ಹತ್ತಿರ ಮೌನಿಯನ್ನೇ ಬೈಯುತ್ತಾ, ಮರಿಗಳನ್ನು ಬಲಗಡೆ ಇಟ್ಟು ಮನೆಗೆ ಹೋಗಿದ್ದಳು. ಅವನು ಅದನ್ನು ನೋಡಿ, ಇನ್ನೂ ಹೊತ್ತು ಮೀರದಿದ್ದ ಒಂದು ತಟ್ಟೆಯ ಮರಿಗಳನ್ನು ಅವಳ ಮುಚ್ಚಳದ ಸಮೇತ ತಂಪಿಗೆ ಸೇರಿಸಿರಬೇಕು.

‘ಅಯ್ಯೋ... ನಾನೇನು ಮಾಡ್ಬಿಟ್ಟೆ!’

ಮೇಡಮ್ ಕೋಣೆಗೆ ಓಡಿದಳು. “ತಪ್ಪು ನಂದು ಮೇಡಮ್! ಬಿಸಿ ಪೆಟ್ಟಿಗೇಲಿ ಇಟ್ಟಿದ್ದು ನಾನೇ.”

“ಇನ್ನೊಂದು ಎಡವಟ್ಟಾದ್ರೆ ನಿನ್ನ ಕೆಲಸ ನಿಲ್ಲಿಸ್ತೀನಿ ಅಂದಿದ್ದೆ.”

“ನಿಲ್ಲಿಸಿ. ಅವರನ್ನ ಮಾತ್ರ ಕಳಿಸ್ಬೇಡಿ.”

ಮೇಡಮ್ ಕನ್ನಡಕ ತೆಗೆದು ಅವಳನ್ನೇ ದಿಟ್ಟಿಸಿದರು. “ತಳಿ ಬದುಕಿದ್ಯಾ?”

“ಅವರು ಉಳಿಸಿದ್ದಾರೆ.”

“ಮತ್ತೆ ಇಲ್ಲೇನು ಕಣ್ಣೀರು ಹಾಕ್ತಾ ನಿಂತಿದ್ದೀಯ? ಹೋಗಿ ಅವನನ್ನ ಹಿಡಿ!”

ಅವನು ಗೇಟಿನ ಹತ್ತಿರ ಸಿಕ್ಕಿದ. ಅವಳಿಗೆ ಏದುಸಿರು.

“ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ನಿಮ್ಮ ಕೆಲಸ ಹೋಗ್ತಿತ್ತು.”

“ನನಗಾದ್ರೂ ಗುಟ್ಟಾಗಿ ಹೇಳ್ಬಹುದಿತ್ತಲ್ಲ!”

“ಅದಕ್ಕೇ ತಟ್ಟೆ ತಂದಿದ್ದೆ... ನೀವು ಕೂಗಿದ್ರಿ, ಊರೆಲ್ಲ ಸೇರ್ತು.”

ಅವಳು ಕಣ್ಣೊರೆಸಿಕೊಂಡಳು. “ಕ್ಷಮಿಸ್ತೀರಾ? ಮತ್ತೆ... ದಿನಾ ಬಂದು ಅಷ್ಟೊಂದು ಕೇಳ್ತಿದ್ದದ್ದು?”

“ಹುಳದ ವಿಷಯ ಕೇಳಿದ್ರೆ ಮಾತ್ರ ನೀವು ನನ್ನ ಹತ್ರ ಮಾತಾಡ್ತೀರಿ. ನನಗೆ ನಿಮ್ಮ ಮಾತು ಬೇಕಿತ್ತು.”

ಅಳುವಿನ ನಡುವೆಯೇ ಅವಳಿಗೆ ನಗು ಬಂತು. “ನನ್ನ ಹುಳುಗಳಿಗೆ ಗಂಡೇ ಬೇಡ. ಒಂದೇ ಇದ್ರೂ ಮರಿ ಮಾಡ್ತವೆ, ಗೊತ್ತು ತಾನೆ?”

“ಹುಳುಗಳಿಗೆ ಬೇಡ, ಸರಿ.” ಅವನು ತಡೆದು ಕೇಳಿದ, “ಹುಳದಮ್ಮನಿಗೆ?”

ಅವಳು ಅವನ ಚೀಲ ಕಿತ್ತುಕೊಂಡಳು. “ಬನ್ನಿ, ತಟ್ಟೆ ಇನ್ನೂ ಮೇಜಿನ ಮೇಲೇ ಇದೆ. ಎಡಗಡೆ ಪೆಟ್ಟಿಗೇಲಿ ಇಡ್ಬೇಕು. ಯಾವುದು ಎಡ, ಯಾವುದು ಬಲ ಅಂತ... ಇನ್ಮೇಲೆ ನೀವೇ ತೋರಿಸ್ಬೇಕು.”

ಅವನು ಅವಳ ಎಡಗೈ ಹಿಡಿದುಕೊಂಡ.

“ಇದು ಎಡ.”

“ಸರಿ... ಬಿಡ್ಬೇಡಿ, ಮರೆತುಹೋಗುತ್ತೆ.”